ಕೊನೆಯ ಭರಣಿ ಖಾಲಿ ಇರಲಿ: ಹೆಸರಾಂತರನ್ನು ಪಾಲುದಾರರಾಗಿ ಪಡೆಯಲು ಗಿಮಿಕ್ ಹೂಡುವ ಬಗೆ

ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಜೋನಿ ಬೆಲ್ಲ, ಅಡಿಕೆ ಹಾಳೆಯ ತಟ್ಟೆ, ಹಸೆ ಚಿತ್ತಾರ ಬರೆದ ಬುಟ್ಟಿ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಇಂಥದ್ದನ್ನು ಮಾಡಿ ಮಾರುವ ಸಣ್ಣ ಉದ್ದಿಮೆಗಳಿಗೆ ಒಂದು ಹಂತ ದಾಟಿದ ಮೇಲೆ ಆಸೆಯೊಂದು ಹುಟ್ಟುತ್ತದೆ. ಹೆಸರಿರುವ ನಟನೋ ಆಟಗಾರ್ತಿಯೋ ನಮ್ಮ ಜೊತೆ ಕೈ ಜೋಡಿಸಿದರೆ ಹೇಗೆ? ಆಗ ಥಟ್ಟನೆ ಹೊಳೆಯುವುದು ಗಿಮಿಕ್. ನಟನ ಮನೆ ಗೇಟಿನೆದುರು ಬ್ಯಾನರ್ ಹಿಡಿದು ನಿಲ್ಲುವುದು, ಹುಟ್ಟುಹಬ್ಬಕ್ಕೆ ಕ್ವಿಂಟಲ್ ತೂಕದ ಕೇಕು ಕತ್ತರಿಸುವುದು, ಮೈದಾನದ ತುಂಬ ಅವರ ಮುಖದ ರಂಗೋಲಿ ಬಿಡಿಸುವುದು. ಇವೆಲ್ಲ ಮರುದಿನದ ಪೇಪರಿನಲ್ಲಿ ಬರುತ್ತವೆ, ಒಪ್ಪಂದ ಮಾತ್ರ ಬರುವುದಿಲ್ಲ.

ಕಾರಣ ಇಷ್ಟೇ. ನಿಮ್ಮ ಪ್ರಸ್ತಾಪವನ್ನು ಮೊದಲು ಓದುವವರು ಆ ನಟ ಅಲ್ಲ, ಅವರ ಮ್ಯಾನೇಜರ್. ಅಭಿಮಾನ ತೋರಿಸಿದರೆ ಮ್ಯಾನೇಜರ್ ಕರಗುವುದಿಲ್ಲ, ಅವರ ಬಾಗಿಲಿಗೆ ಅಭಿಮಾನ ದಿನಾ ಬರುತ್ತದೆ. ಅವರ ತಲೆಯಲ್ಲಿರುವುದು ಬೇರೆ ಪ್ರಶ್ನೆಗಳು: ಈ ಸರಕನ್ನು ಜನ ಈಗಾಗಲೇ ಕೊಳ್ಳುತ್ತಿದ್ದಾರಾ, ಇದರಿಂದ ನಮ್ಮವರ ಹೆಸರಿಗೆ ಮಸಿ ಹತ್ತುತ್ತದಾ, ಎಷ್ಟು ದಿನದ ಕೆಲಸ? ಗಿಮಿಕ್ ಹೂಡುವುದಾದರೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವಂಥದ್ದನ್ನೇ ಹೂಡಬೇಕು. ಇನ್ನೊಂದು: ಆ ವ್ಯಕ್ತಿ ಬಂದು ಪೂರ್ತಿ ಮಾಡುವುದಕ್ಕೆ ಅದರೊಳಗೆ ಒಂದು ಜಾಗ ಖಾಲಿ ಬಿಟ್ಟಿರಬೇಕು. ಎಲ್ಲವೂ ಮುಗಿದ ಕಾರ್ಯಕ್ರಮದ ವಿಡಿಯೋ ನೋಡಿ ಯಾರೂ ಬರುವುದಿಲ್ಲ.

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಗಿಮಿಕ್ಕನ್ನು ಪೂರ್ತಿ ಬಿಚ್ಚಿ ನೋಡುವುದು ಒಳ್ಳೆಯದು. ಸರಕು ಮಿಡಿ ಉಪ್ಪಿನಕಾಯಿ ಎಂದುಕೊಳ್ಳಿ. ಶರಾವತಿ, ವರದಾ ದಂಡೆಯಲ್ಲಿ ಅಪ್ಪೆ ಮರಗಳಿಗೆ ಒಂದೊಂದಕ್ಕೂ ಹೆಸರಿದೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಮಿಡಿ ನಮ್ಮ ಕಡೆ ಮಕ್ಕಳಿಗೂ ಗೊತ್ತು, ಬೆಂಗಳೂರಿನ ಮ್ಯಾನೇಜರ್‌ಗೆ ಗೊತ್ತಿಲ್ಲ. ಅಲ್ಲೇ ಸುದ್ದಿ ಇರುವುದು. 60 ಮನೆಗಳಿಂದ, 60 ಮರಗಳ ಮಿಡಿ, ಆಯಾ ಮನೆಯದೇ ಭರಣಿಯಲ್ಲಿ. ಸಾಲಾಗಿ ಇಟ್ಟು ಊರವರಿಂದ ರುಚಿ ನೋಡಿಸಿ ಮತ ಹಾಕಿಸುವುದು. ಸಾಲಿನ ಕೊನೆಗೆ 61ನೆಯ ಭರಣಿ. ಅದು ಖಾಲಿ, ಅದರ ಚೀಟಿಯಲ್ಲಿ ಮರದ ಹೆಸರೂ ಇಲ್ಲ, ಊರೂ ಇಲ್ಲ. ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆಯೇ ಇದು ಯಾರದ್ದು ಎಂದು. ಉತ್ತರ: “ಮಲೆನಾಡಿನ ನಂಟಿರುವ ಒಬ್ಬರು ಬಂದು ತಮಗಿಷ್ಟದ ಮರದ ಮಿಡಿ ಹಾಕಲಿ ಅಂತ ಬಿಟ್ಟಿದ್ದೇವೆ.” ಹೆಸರು ಹೇಳಬಾರದು. ಯಾಕೆ ಎಂಬುದು ಮುಂದೆ ಬರುತ್ತದೆ.

ಹೊಸ ಗಾಜಿನ ಬಾಟಲಿ ತಂದು ಸಾಲಿಟ್ಟರೆ ಅಂಗಡಿ ಕಂಡ ಹಾಗೆ ಕಾಣುತ್ತದೆ. ಮನೆಮನೆಯ ಭರಣಿಯಾದರೆ ಒಂದರ ಹಾಗೆ ಇನ್ನೊಂದಿಲ್ಲ. ಒಂದರ ಕಿವಿ ಮುಕ್ಕಾಗಿರುತ್ತದೆ, ಇನ್ನೊಂದರ ಬಾಯಿಗೆ ಕಟ್ಟಿದ ಬಟ್ಟೆ ಅಜ್ಜಿಯ ಸೀರೆಯದ್ದಾಗಿರುತ್ತದೆ. ಕ್ಯಾಮೆರಾಕ್ಕೆ ಬೇಕಾದದ್ದು ಅದೇ. ಪಡೆಯುವಾಗಲೇ ತಳಕ್ಕೆ ಪೇಪರ್ ಟೇಪ್ ಅಂಟಿಸಿ ಸಂಖ್ಯೆ ಬರೆಯಿರಿ, ಮನೆಯವರಿಗೆ ಚೀಟಿ ಕೊಡಿ, ಒಡೆದರೆ ಎಷ್ಟು ಕೊಡುತ್ತೀರಿ ಎಂಬುದನ್ನು ಮೊದಲೇ ಮಾತಾಡಿ. ಭರಣಿಯ ಅಗಲ ಸುಮಾರು 20 ಸೆಂಟಿಮೀಟರ್, ನಡುವೆ 10 ಸೆಂಟಿಮೀಟರ್ ಬಿಡಿ. 61 ಭರಣಿಗೆ 18 ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ಮೇಜಿನ ಸಾಲು ಬೇಕು. ಅಷ್ಟು ನೇರ ಜಾಗ ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಸಿಗುತ್ತದೆ, ಆದರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಮಿಡಿಯ ಬಣ್ಣ ಸತ್ತು ಹೋಗುತ್ತದೆ. ಹಳೆಯ ಮನೆಯ ಅಂಗಳವೋ ಶಾಲೆಯ ಜಗುಲಿಯೋ ಮೇಲು. ಮೇಜಿಗೆ ಬಿಳಿ ಬಟ್ಟೆ ಹಾಸಬೇಡಿ, ಉಪ್ಪುನೀರು, ಖಾರ ಸೋರಿದ ಕಲೆ ಫೋಟೋದಲ್ಲಿ ಎದ್ದು ಕಾಣುತ್ತದೆ. ಕರಿ ಕಂಬಳಿ ಹಾಸಿ, ಭರಣಿಯ ಬಿಳಿ ಕಂದು ಬಣ್ಣ ಅದರ ಮೇಲೆ ನಿಚ್ಚಳ.

ಸಮಯ ಮಾರ್ಚ್. ಮಿಡಿ ಕೊಯ್ಲಿನ ಕಾಲ, ಮಳೆ ಇಲ್ಲ, ಎಂಟು ಗಂಟೆಯ ಬಿಸಿಲು ಓರೆಯಾಗಿ ಬೀಳುತ್ತದೆ. ತೊಂದರೆಯೂ ಇದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳು, ಶಾಲೆಯ ಆಸುಪಾಸಿನಲ್ಲಿ ಮೈಕು ಹಾಕಲಾಗದು. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ತಾರೀಖು ನೋಡಿಕೊಳ್ಳಿ. ಸಾಗರದ್ದು ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗ ಕೋಟೆಯದ್ದು ಎರಡು ವರ್ಷಕ್ಕೊಮ್ಮೆ. ಜಾತ್ರೆಯ ವಾರದಲ್ಲಿ ಸ್ಥಳೀಯ ಪುಟದಲ್ಲಿ ನಿಮ್ಮ ಭರಣಿಗೆ ಜಾಗ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಾಂಗಣದ ಯೋಚನೆಯನ್ನೇ ಬಿಡಿ. ಮಳೆ ಒಂದು ಕಡೆ, ಗಾಳಿಗೆ ಲೈನ್ ಮೇಲೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಹೋದರೆ ಸಂಜೆಯೊಳಗೆ ವಿಡಿಯೋ ಕಳಿಸಲಾಗದು.

ರುಚಿ ನೋಡುವ ಭಾಗವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ನಿಮ್ಮ ಪುರಾವೆ ಹುಟ್ಟುವುದು ಅಲ್ಲೇ. ಒಬ್ಬರು 60 ಬಗೆ ತಿನ್ನಲಾರರು, ಮೂರನೆಯದರ ಹೊತ್ತಿಗೆ ನಾಲಿಗೆ ಉಪ್ಪಾಗಿರುತ್ತದೆ. ಒಬ್ಬರಿಗೆ ಮೂರು ಭರಣಿ, ಚೀಟಿ ಎತ್ತಿ ಹಂಚಿ. 300 ಜನಕ್ಕೆ ತಲಾ 50 ಗ್ರಾಂ ಮೊಸರನ್ನ ಎಂದರೆ 15 ಕಿಲೋ. ಮಾರ್ಚ್ ಸೆಕೆಗೆ ಮೂರ್ನಾಲ್ಕು ಗಂಟೆಯಲ್ಲಿ ಹುಳಿ ಬರುತ್ತದೆ, ಹುಳಿ ಬಂದ ಅನ್ನದ ಮೇಲೆ ಮಿಡಿಯ ರುಚಿ ಗೊತ್ತಾಗುವುದಿಲ್ಲ. ಅರ್ಧ ಒಂಬತ್ತಕ್ಕೆ, ಅರ್ಧ ಹನ್ನೊಂದಕ್ಕೆ ಕಲಸಿ. ಬಡಿಸುವುದಕ್ಕೆ ದೊನ್ನೆ ಸಾಕು. ಮತಕ್ಕೆ ಕಾಗದ ಬೇಡ, ಒಬ್ಬೊಬ್ಬರ ಕೈಗೆ ಒಂದೊಂದು ಗೋಟಡಿಕೆ ಕೊಡಿ. ಮೆಚ್ಚಿದ ಭರಣಿಯ ಮುಂದಿನ ಗೆರಸಿಯಲ್ಲಿ (ಮೊರದಲ್ಲಿ) ಹಾಕಲಿ. ಅಡಿಕೆಯ ರಾಶಿ ಬೆಳೆಯುವುದು ಕಣ್ಣಿಗೆ ಕಾಣುತ್ತದೆ, ವಿಡಿಯೋಕ್ಕೂ ಚೆಂದ, ಕೊನೆಗೆ ಎಣಿಸಿದರೆ ಲೆಕ್ಕವೂ ಸಿಗುತ್ತದೆ. ಹೋಗುವಾಗ ಹೆಸರು, ಊರು, ಕೊಳ್ಳುವ ಮನಸ್ಸಿದೆಯಾ ಎಂದು ಒಂದು ಪುಸ್ತಕದಲ್ಲಿ ಬರೆಸಿಕೊಳ್ಳಿ. ಮ್ಯಾನೇಜರ್‌ಗೆ ಕಳಿಸುವ ಪತ್ರದಲ್ಲಿ ‘ಜನಮೆಚ್ಚುಗೆ ಪಡೆದ’ ಎಂಬ ಮಾತಿಗೆ ಬೆಲೆಯಿಲ್ಲ. 300 ಜನ ತಿಂದರು, ಇಷ್ಟು ಜನ ಅಲ್ಲೇ ಕೊಂಡರು, ಎರಡನೇ ಪತ್ರದಲ್ಲಾದರೆ ಇಷ್ಟು ಜನ ಮರುವಾರ ಮತ್ತೆ ತರಿಸಿದರು ಎಂದರೆ ಬೆಲೆಯಿದೆ. ಲೆಕ್ಕವನ್ನು ಒಂದು ಅಡಿಕೆಯಷ್ಟೂ ಹೆಚ್ಚಿಸಬೇಡಿ. ಸುಳ್ಳು ಲೆಕ್ಕ ಎರಡನೇ ಭೇಟಿಯಲ್ಲಿ ಸಿಕ್ಕಿಬೀಳುತ್ತದೆ.

ಅನುಮತಿಯ ವಿಚಾರ ಚುಟುಕಾಗಿ. ಖಾಸಗಿ ಅಂಗಳವಾದರೂ 300 ಜನ ಸೇರುತ್ತಾರೆಂದರೆ ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಟ್ಟು ಮುದ್ರೆ ಹಾಕಿದ ಪ್ರತಿ ಇಟ್ಟುಕೊಳ್ಳಿ. ರಸ್ತೆ ಬದಿಯ ಫ್ಲೆಕ್ಸ್‌ಗೆ ಪಾಲಿಕೆಯದ್ದೋ ಪಟ್ಟಣ ಪಂಚಾಯಿತಿಯದ್ದೋ ಒಪ್ಪಿಗೆ ಬೇಕು, ಫ್ಲೆಕ್ಸ್ ಇಲ್ಲದೆ ಮಾಡುವುದೇ ಒಳಿತು. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮ ನೋಡಲೇಬೇಕು. ವಿಮಾನ ನಿಲ್ದಾಣದ ಆವರಣದಿಂದ 8 ಕಿಲೋಮೀಟರ್ ಒಳಗೆ ಎಷ್ಟೇ ಕೆಳಗೆ ಹಾರಿಸಿದರೂ ಅನುಮತಿ ಬೇಕು, 8ರಿಂದ 12 ಕಿಲೋಮೀಟರ್‌ವರೆಗೆ ಅನುಮತಿಯಿಲ್ಲದೆ 200 ಅಡಿ ದಾಟುವಂತಿಲ್ಲ. 2023ರ ಫೆಬ್ರವರಿಯಲ್ಲಿ ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್‌ನಲ್ಲಿ ವಿಮಾನ ಹಾರಾಟ ಶುರುವಾದ ಮೇಲೆ ಶಿವಮೊಗ್ಗದ ಸುತ್ತಲೂ ಇದು ಅನ್ವಯಿಸುತ್ತದೆ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯನ್ನು ಕೇಳದೆ ಯಾವ ಚಿತ್ರೀಕರಣವೂ ಬೇಡ.

ಇಂಥವರು ಬರುತ್ತಾರಂತೆ ಎಂಬ ಸುದ್ದಿಯನ್ನು ಮಾತ್ರ ಯಾವ ಕಾರಣಕ್ಕೂ ಹಬ್ಬಿಸಬೇಡಿ, ಹಬ್ಬಿದರೆ ತಕ್ಷಣ ಅಲ್ಲಗಳೆಯಿರಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮೆಚ್ಚಿನ ಮುಖ ನೋಡುವ ಆಸೆ ಜನರನ್ನು ಹೇಗೆ ನೂಕುತ್ತದೆ ಎಂಬುದನ್ನು ಆ ದಿನದ ಮೇಲೆ ಯಾರೂ ಮರೆಯುವಂತಿಲ್ಲ. ಒಂದೇ ಗೇಟಿನ ಅಂಗಳವಾದರೆ ಒಳಬರಲು ಹೊರಹೋಗಲು ಬೇರೆ ದಾರಿ ಮಾಡಿ, ಅರ್ಧ ಗಂಟೆಗೆ 50 ಜನರ ಹಾಗೆ ಟೋಕನ್ ಕೊಡಿ. 300 ಜನ ಮೂರು ಗಂಟೆಯಲ್ಲಿ ಮುಗಿಯುತ್ತಾರೆ.

ಈಗ ಹೆಸರಿನ ಮಾತು. ಹೆಚ್ಚಿನವರು ಎಡವುವುದು ಇಲ್ಲೇ. ಹೆಸರಾಂತ ವ್ಯಕ್ತಿಯ ಹೆಸರು, ಫೋಟೋ, ದನಿ, ಅವರದೇ ಎಂದು ಗುರುತಾಗುವ ಡೈಲಾಗಿನ ಧಾಟಿ, ಇವನ್ನು ವ್ಯಾಪಾರಕ್ಕೆ ಬಳಸಲು ಅವರ ಒಪ್ಪಿಗೆ ಬೇಕು. 2012ರಲ್ಲಿ ಒಂದು ಆಭರಣದ ಅಂಗಡಿಯ ವಿರುದ್ಧ ಟೈಟಾನ್ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. 2022ರಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್ ಅದೇ ಕೋರ್ಟಿನಿಂದ ತಡೆಯಾಜ್ಞೆ ತಂದರು, ಎರಡನೆಯದು ಎಐ ಮುಖ, ಎಐ ದನಿಗೂ ತಗಲುತ್ತದೆ. ಶುಭಾಶಯ ಹೇಳಿದೆವು ಅಷ್ಟೇ ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ. 2021ರ ಆಗಸ್ಟ್‌ನಲ್ಲಿ ಪಿ.ವಿ. ಸಿಂಧು ಟೋಕಿಯೋದಲ್ಲಿ ಕಂಚು ಗೆದ್ದಾಗ ಲೋಗೋ ಹಾಕಿ ಅಭಿನಂದನೆಯ ಪೋಸ್ಟ್ ಮಾಡಿದ ಹಲವು ಕಂಪನಿಗಳಿಗೆ ಅವರ ಮ್ಯಾನೇಜ್‌ಮೆಂಟ್ ಸಂಸ್ಥೆ ನೋಟಿಸ್ ಕೊಟ್ಟಿತು. ನೀವು ಪಾಲುದಾರರಾಗಲಿ ಎಂದು ಬಯಸುವ ಕಚೇರಿಯಿಂದ ಮೊದಲ ಕಾಗದವಾಗಿ ವಕೀಲರ ನೋಟಿಸ್ ಬಂದರೆ ಅಲ್ಲಿಗೆ ಮುಗಿಯಿತು. ಸುದೀಪ್ ಹುಟ್ಟಿದ್ದು ಶಿವಮೊಗ್ಗದಲ್ಲಿ, ದಿಗಂತ್ ಸಾಗರದವರು, ಜಿ.ಆರ್. ವಿಶ್ವನಾಥ್ ಭದ್ರಾವತಿಯವರು ಎಂಬುದು ನಿಜ. ಆದರೆ ಊರಿನ ನಂಟು ಪತ್ರದ ಒಂದು ಸಾಲಿಗೆ ಕಾರಣವಾಗಬಹುದೇ ಹೊರತು ಪೋಸ್ಟರಿಗೆ ಪರವಾನಗಿ ಆಗುವುದಿಲ್ಲ. ಅದಕ್ಕೇ 61ನೆಯ ಭರಣಿಯ ಮೇಲೆ ಹೆಸರಿಲ್ಲದಿರುವುದು.

ಸುಳ್ಳಿನ ಗಿಮಿಕ್ಕಿಗೂ ಇದೇ ಗತಿ. 2024ರ ಫೆಬ್ರವರಿಯಲ್ಲಿ ನಟಿಯೊಬ್ಬರು ಸತ್ತರೆಂದು ಸುದ್ದಿ ಹಬ್ಬಿಸಿ, ಮರುದಿನ ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಜಾಗೃತಿಗಾಗಿ ಹಾಗೆ ಮಾಡಿದ್ದು ಎಂದಾಗ ದೇಶವೇ ಛೀಮಾರಿ ಹಾಕಿತು. ಅದನ್ನು ರೂಪಿಸಿದ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಸುದ್ದಿಯಾಗುವುದಕ್ಕೂ ನಂಬಿಕೆ ಗಳಿಸುವುದಕ್ಕೂ ದೂರ ಬಹಳ. ಪಾಲುದಾರಿಕೆಗೆ ಬೇಕಾದದ್ದು ಎರಡನೆಯದು.

ಚಿತ್ರೀಕರಣಕ್ಕೆ ಇಬ್ಬರು ಸಾಕು, ಒಬ್ಬರು ಸ್ಥಿರ ಫೋಟೋಕ್ಕೆ, ಒಬ್ಬರು ವಿಡಿಯೋಕ್ಕೆ. ಮೊಬೈಲ್ ಉದ್ದಕ್ಕೆ ಹಿಡಿದು 1080×1920ರಲ್ಲಿ ತೆಗೆಯಿರಿ. ಸಾಲಿನ ಒಂದು ತುದಿಯಿಂದ ಭರಣಿಯ ಕಿವಿಯ ಮಟ್ಟಕ್ಕೆ ಬಗ್ಗಿ ತೆಗೆದ ಒಂದು ಫೋಟೋ ಕಡ್ಡಾಯ, 60 ಭರಣಿ ಒಂದರ ಹಿಂದೊಂದು ಸಾಗಿ ಖಾಲಿ ಭರಣಿಯಲ್ಲಿ ನಿಲ್ಲಬೇಕು. ಪೇಪರಿನವರು ಬಳಸುವುದು ಅದನ್ನೇ. ವಿಡಿಯೋ 45 ಸೆಕೆಂಡ್ ಮೀರದಿರಲಿ. ಮೊದಲ ಮೂರು ಸೆಕೆಂಡಿನಲ್ಲಿ ಸ್ವಾಗತ ಭಾಷಣ, ದೀಪ ಬೆಳಗುವುದು, ಲೋಗೋ ಯಾವುದೂ ಬೇಡ. ಮಿಡಿಯನ್ನು ಹಲ್ಲಿನಲ್ಲಿ ಕಚ್ಚಿದ ಕಟುಂ ಸದ್ದು, ಕಚ್ಚಿದವರ ಮುಖ. ಆ ಸದ್ದಿಗೆ ಅಂಗಿಗೆ ಸಿಕ್ಕಿಸುವ ಮೈಕು ಬೇಕು, ಮೊಬೈಲ್‌ನ ಮೈಕಿಗೆ ಫ್ಯಾನಿನ ಸದ್ದೇ ಕೇಳುತ್ತದೆ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ. ವ್ಯಾಪಾರದ ಖಾತೆಯಲ್ಲಿ ಹಕ್ಕುಸ್ವಾಮ್ಯದ ದೂರು ಬಂದು ವಿಡಿಯೋ ಮೂಕವಾಗುತ್ತದೆ, ಅದೂ ಮ್ಯಾನೇಜರ್ ತೆರೆಯುವ ದಿನವೇ. ಹತ್ತಿರದಿಂದ ಮುಖ ತೋರಿಸುವವರಿಂದ ಒಪ್ಪಿಗೆಯ ಸಹಿ ಪಡೆದಿರಿ.

ವರದಿಗಾರರನ್ನು ಹನ್ನೊಂದಕ್ಕೆ ಕರೆಯಿರಿ, ಎರಡು ಗಂಟೆಯೊಳಗೆ ಮೂರು ಫೋಟೋ, ಅಡಿಬರಹ, ಹತ್ತು ಸಾಲಿನ ಟಿಪ್ಪಣಿ ಅವರ ವಾಟ್ಸಾಪ್‌ಗೆ ಹೋಗಿರಲಿ. ಸಂಜೆ ಆರಕ್ಕೆ ರೀಲ್. ಮರುದಿನ ಬೆಳಿಗ್ಗೆ ಪೇಪರ್ ತುಣುಕುಗಳನ್ನು ಸ್ಕ್ಯಾನ್ ಮಾಡಿ, ಹನ್ನೊಂದರ ಹೊತ್ತಿಗೆ ಮ್ಯಾನೇಜರ್‌ಗೆ ಮೇಲ್. ಅವರ ವಿಳಾಸ ಸಾಮಾನ್ಯವಾಗಿ ಇನ್‌ಸ್ಟಾಗ್ರಾಂ ಪುಟದ ತಲೆಯಲ್ಲೇ ಇರುತ್ತದೆ, ಇಲ್ಲವಾದರೆ ಇತ್ತೀಚಿನ ಸಿನಿಮಾದ ಪ್ರಚಾರ ನೋಡಿಕೊಂಡ ಪಿಆರ್‌ಒ ಮೂಲಕ ಕೇಳಬಹುದು. ಅಭಿಮಾನಿ ಸಂಘದವರು ವಿಷಯ ಮುಟ್ಟಿಸಬಲ್ಲರು, ಮಾತು ಕೊಡಲಾರರು. “ಅಪಾಯಿಂಟ್‌ಮೆಂಟ್ ಕೊಡಿಸ್ತೀನಿ, ಐವತ್ತು ಸಾವಿರ ಹಾಕಿ” ಅನ್ನುವವರಿಗೆ ಒಂದು ರೂಪಾಯಿಯೂ ಬೇಡ. ಸಹಿಯಾದ ಒಪ್ಪಂದ, ಪ್ಯಾನ್ ನಮೂದಿಸಿದ ಇನ್‌ವಾಯ್ಸ್, ಅದೇ ಹೆಸರಿನ ಬ್ಯಾಂಕ್ ಖಾತೆ ಇರದೆ ಹಣ ಹೋಗಬಾರದು. ಸಿನಿಮಾ ಬಿಡುಗಡೆಯ ವಾರ, ಹುಟ್ಟುಹಬ್ಬದ ವಾರ ಮೇಲ್ ಕಳಿಸಿದರೆ ಅದು ಮುಳುಗಿ ಹೋಗುತ್ತದೆ.

ಪತ್ರ ಹೀಗಿದ್ದರೆ ಸಾಕು: “ನಮಸ್ಕಾರ ಸರ್. ನಾವು ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ನಿನ್ನೆ 60 ಮನೆಗಳ ಮಿಡಿಯನ್ನು 300 ಜನ ರುಚಿ ನೋಡಿದರು, 45 ಸೆಕೆಂಡಿನ ವಿಡಿಯೋ ಇಲ್ಲಿದೆ. 61ನೆಯ ಭರಣಿ ಖಾಲಿ ಇದೆ. ಅದನ್ನು ತುಂಬಲು ಒಂದು ದಿನ, ವರ್ಷಕ್ಕೆ ಎರಡು ರೀಲ್, ಮಾರಾಟದಲ್ಲಿ ಪಾಲು. ಒಂದು ಪುಟದ ವಿವರ, ಲ್ಯಾಬ್ ವರದಿ ಲಗತ್ತಿಸಿದ್ದೇವೆ. ಮಾತಾಡಲು 15 ನಿಮಿಷ ಸಿಕ್ಕೀತೇ?” ಅಭಿಮಾನದ ಮಾತು ಇಲ್ಲಿ ಬೇಡ.

ಲ್ಯಾಬ್ ವರದಿ ಯಾಕೆಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡವರಿಗೂ 10 ಲಕ್ಷದವರೆಗೆ ದಂಡ ಬೀಳಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಒಂದು ವರ್ಷ ಯಾವ ಜಾಹೀರಾತಿಗೂ ಬರದಂತೆ ನಿಷೇಧಿಸಲೂಬಹುದು. ಮೊದಲೇ ಪರಿಶೀಲಿಸಿದ್ದೆವು ಎಂದು ತೋರಿಸಿದರೆ ಮಾತ್ರ ಅವರು ಪಾರು. ಆ ಪರಿಶೀಲನೆಯ ಕಾಗದವನ್ನು ಕೇಳುವ ಮುಂಚೆ ನೀವೇ ಕೊಟ್ಟರೆ ಮ್ಯಾನೇಜರ್‌ನ ಅರ್ಧ ಕೆಲಸ ಹಗುರ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ಉಪ್ಪು, ಆಮ್ಲೀಯತೆ, ಶಿಲೀಂಧ್ರದ ಪರೀಕ್ಷೆ, ಲೇಬಲ್‌ನ ಫೋಟೋ. ಲೇಬಲ್ ಮೇಲೆ ‘ಸಕ್ಕರೆ ಕಾಯಿಲೆಗೆ ಒಳ್ಳೆಯದು’ ಎಂಬಂಥ ಮಾತಿದ್ದರೆ ಇವತ್ತೇ ತೆಗೆಯಿರಿ. ಹಾಳೆ ತಟ್ಟೆಯವರು ಇನ್ನೊಂದಕ್ಕೆ ಸಿದ್ಧರಿರಬೇಕು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಅಡಿಕೆ ಹಾಳೆಯ ತಟ್ಟೆಗಳ ಆಮದನ್ನು ತಡೆಯುವ ಎಚ್ಚರಿಕೆ ಹೊರಡಿಸಿದೆ, ಹುಡುಕಿದರೆ ಮೊದಲು ಸಿಗುವುದು ಅದೇ. ಅಡಿಕೆಯ ಹೆಸರು ಕೇಳಿದರೇ ಪಾನ್ ಮಸಾಲಾ ನೆನೆದು ಹಿಂಜರಿಯುವ ಮ್ಯಾನೇಜರ್‌ಗಳಿದ್ದಾರೆ. ಕೇಳುವವರೆಗೆ ಕಾಯದೆ ಪತ್ರದಲ್ಲೇ ಉತ್ತರ ಇಡಿ.

ಮಾದರಿ ಪಾರ್ಸೆಲ್ ಮೂರನೇ ದಿನ ಹೊರಡಲಿ, ಮನೆಗಲ್ಲ, ಮ್ಯಾನೇಜರ್ ಕಚೇರಿಗೆ. ಉಪ್ಪಿನಕಾಯಿ ಪಾರ್ಸೆಲ್ ಸೋರುವುದು ಸಾಮಾನ್ಯ. ಬಾಯಿವರೆಗೆ ತುಂಬಿದ ಬಾಟಲಿ ದಾರಿಯ ಬಿಸಿಲಿಗೆ ಉಬ್ಬಿ ಮುಚ್ಚಳದ ಸಂದಿಯಲ್ಲಿ ರಸ ಬಿಡುತ್ತದೆ. 250 ಗ್ರಾಂನ ಬಾಟಲಿ, ಮೇಲೆ ಒಂದೂವರೆ ಸೆಂಟಿಮೀಟರ್ ಖಾಲಿ, ಒಳಗೆ ಇಂಡಕ್ಷನ್ ಸೀಲ್ (ಬಾಟಲಿಯ ಬಾಯಿಗೆ ಬಿಸಿಯಲ್ಲಿ ಅಂಟಿಸುವ ಹಾಳೆ), ಹೊರಗೆ ಜಿಪ್ ಕವರ್, ಪೆಟ್ಟಿಗೆಯೊಳಗೆ ಪೆಟ್ಟಿಗೆ. ತೊಟ್ಟಿರುವ ಮಿಡಿಯನ್ನೇ ಆರಿಸಿ. ತೊಟ್ಟು ಮುರಿದದ್ದರ ಸೊನೆ ಹೋಗಿರುತ್ತದೆ, ನೆಲಕ್ಕೆ ಬಿದ್ದು ಪೆಟ್ಟಾದದ್ದು ಮೆತ್ತಗಾಗುತ್ತದೆ. ಕಚ್ಚಿದಾಗ ಕಟುಂ ಅನ್ನದಿದ್ದರೆ ನಿಮ್ಮ ವಿಡಿಯೋ ಸುಳ್ಳಾಯಿತು. ಐದನೇ ದಿನ ಒಂದು ಫೋನ್. ಹದಿನೈದು ದಿನಕ್ಕೆ ಎರಡನೇ ಮೇಲ್, ಅದರಲ್ಲಿ ಹೊಸ ಸಂಗತಿ ಇರಬೇಕು, ಇಂತಿಷ್ಟು ಬಾಟಲಿ ಮತ್ತೆ ಹೋಯಿತು ಎಂಬಂಥದ್ದು. ಮೂರನೆಯದಕ್ಕೆ ನಿಲ್ಲಿಸಿ.

ಮಾತುಕತೆಗೆ ಕೂತಾಗ ಹಣದ ಅಂದಾಜು ಇರಬೇಕು. ಮೈಸೂರು ಸ್ಯಾಂಡಲ್ ಸೋಪಿಗೆ 2025ರಲ್ಲಿ ತಮನ್ನಾ ಭಾಟಿಯಾ ಅವರೊಂದಿಗೆ ಎರಡು ವರ್ಷಕ್ಕೆ ಆದ ಒಪ್ಪಂದ 6.2 ಕೋಟಿ ರೂಪಾಯಿಯದು. ಕನ್ನಡದವರು ಸಿಗಲಿಲ್ಲವೇ ಎಂದು ಆಗ ಎದ್ದ ಪ್ರಶ್ನೆಯೂ ನೆನಪಿರಲಿ, ಊರಿನ ಸರಕಿಗೆ ಯಾರ ಮುಖ ಎಂಬುದನ್ನು ಜನ ಗಮನಿಸುತ್ತಾರೆ. ಇನ್ನೊಂದು ತುದಿಯಲ್ಲಿ ಡಾ. ರಾಜ್‌ಕುಮಾರ್, ಆಮೇಲೆ ಪುನೀತ್, ರೈತರ ಸಂಸ್ಥೆ ಎಂಬ ಕಾರಣಕ್ಕೆ ನಂದಿನಿಗೆ ದುಡ್ಡು ತೆಗೆದುಕೊಳ್ಳದೆ ಬಂದರು. ಸಣ್ಣ ಉದ್ದಿಮೆಗೆ ಈ ಎರಡರ ನಡುವಿನ ದಾರಿ ಪಾಲು. ಫಿಫ್ಟಿ ಸೆಂಟ್ ಎಂಬ ಅಮೆರಿಕದ ಗಾಯಕ ವಿಟಮಿನ್‌ವಾಟರ್ ಎಂಬ ಪಾನೀಯದಲ್ಲಿ ಷೇರು ಪಡೆದಿದ್ದರು, 2007ರಲ್ಲಿ ಕೋಕಾ-ಕೋಲಾ ಅದರ ಕಂಪನಿಯನ್ನು 410 ಕೋಟಿ ಡಾಲರ್‌ಗೆ ಕೊಂಡಾಗ ಅವರಿಗೂ ಪಾಲು ಬಂತು. ನಮ್ಮಲ್ಲಿ ದೀಪಿಕಾ ಪಡುಕೋಣೆ 2019ರಲ್ಲಿ ಎಪಿಗಾಮಿಯಾ ಎಂಬ ಮೊಸರಿನ ಬ್ರ್ಯಾಂಡಿನಲ್ಲಿ ಹೂಡಿಕೆ ಮಾಡಿದರು.

ಷೇರು ಕೊಡುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ. ಕಂಪನಿ ಕಾಯ್ದೆಯ 54ನೇ ಸೆಕ್ಷನ್ನಿನ ಸ್ವೆಟ್ ಈಕ್ವಿಟಿ (ದುಡಿಮೆಗೆ ಪ್ರತಿಯಾಗಿ ಕೊಡುವ ಷೇರು) ನಿರ್ದೇಶಕರಿಗೂ ನೌಕರರಿಗೂ ಮಾತ್ರ, ಹೊರಗಿನ ನಟರಿಗೆ ಅದು ನಡೆಯದು. ರಾಯಧನ, ಅಂದರೆ ಮಾರಾಟದಲ್ಲಿ ನೂರಕ್ಕಿಷ್ಟು ಕೊಡುವುದು, ಸರಳ. ಆದರೆ ಯಾವುದರ ಮೇಲೆ ಎಷ್ಟು ಎಂಬುದನ್ನು ಅಕ್ಷರದಲ್ಲಿ ಬರೆಸಿ. ಎಂಆರ್‌ಪಿ 180 ರೂಪಾಯಿಯ ಬಾಟಲಿ ಅಂಗಡಿಯವರ ಲಾಭ ಕಳೆದು ನಿಮಗೆ 110 ತರುತ್ತದೆ ಎಂದುಕೊಳ್ಳಿ. ನೂರಕ್ಕೆ 5 ಎಂಬುದು 110ರ ಮೇಲಾದರೆ ಬಾಟಲಿಗೆ 5.50, 20,000 ಬಾಟಲಿಗೆ 1,10,000. ಎಂಆರ್‌ಪಿ ಮೇಲಾದರೆ ಬಾಟಲಿಗೆ 9, ಒಟ್ಟು 1,80,000. ಒಂದು ಪದ ಬಿಟ್ಟುಹೋದದ್ದಕ್ಕೆ 70,000 ವ್ಯತ್ಯಾಸ. ಇದರ ಮೇಲೆ ನೂರಕ್ಕೆ 18 ಜಿಎಸ್‌ಟಿ. ಕಾಂಪೊಸಿಷನ್ ಸ್ಕೀಮಿನಲ್ಲಿರುವ (ಸಣ್ಣ ಉದ್ದಿಮೆಗಳ ಸರಳ ಜಿಎಸ್‌ಟಿ ಪದ್ಧತಿ) ಘಟಕಕ್ಕೆ ಅದು ವಾಪಸ್ ಸಿಗುವುದಿಲ್ಲ, ಖರ್ಚೆಂದೇ ಹಿಡಿಯಬೇಕು.

ಒಪ್ಪಂದದಲ್ಲಿ ಅವಧಿ, ಪ್ರದೇಶ, ಯಾವ ಮಾಧ್ಯಮ, ಎಷ್ಟು ದಿನದ ಚಿತ್ರೀಕರಣ, ಬೇರೆ ಉಪ್ಪಿನಕಾಯಿಗೆ ಅವರು ಬರಬಾರದೆಂಬ ಷರತ್ತು, ಪೋಸ್ಟಿನಲ್ಲಿ ಜಾಹೀರಾತು ಎಂದು ನಮೂದಿಸುವ ಹೊಣೆ ಇವೆಲ್ಲ ಇರುತ್ತವೆ. ಮರೆತುಹೋಗುವುದು ಒಂದೇ: ಅವಧಿ ಮುಗಿದ ದಿನ ಗೋದಾಮಿನಲ್ಲಿ ಅವರ ಫೋಟೋ ಇರುವ ಲೇಬಲ್ ಉಳಿದಿದ್ದರೆ ಏನು ಮಾಡುವುದು? ಮಾರಿ ಮುಗಿಸಲು 90 ದಿನ ಕೇಳಿ. ಲೇಬಲ್ಲನ್ನು ಒಮ್ಮೆಗೆ 5,000ಕ್ಕಿಂತ ಹೆಚ್ಚು ಮುದ್ರಿಸಬೇಡಿ.

ಮೂರು ಪತ್ರಕ್ಕೂ ಉತ್ತರ ಬರಲಿಲ್ಲವೆಂದರೆ ಖಾಲಿ ಭರಣಿಯನ್ನು ಹಾಗೇ ಇಡಬೇಡಿ. ಅತಿ ಹೆಚ್ಚು ಅಡಿಕೆ ಬಿದ್ದ ಮರದ ಮನೆಯವರನ್ನು ಕರೆದು ಅವರ ಕೈಯಿಂದಲೇ ತುಂಬಿಸಿ, ಅದನ್ನೂ ವಿಡಿಯೋ ಮಾಡಿ. ಉಳಿದ 60 ಭರಣಿಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ತಳದ ಟೇಪಿನ ಸಂಖ್ಯೆ ನೋಡಿ ಆಯಾ ಮನೆಗೆ ಮುಟ್ಟಿಸಿ. ಪ್ರತಿ ಮನೆಗೂ ಒಂದು ಬಾಟಲಿ ಉಪ್ಪಿನಕಾಯಿ ಜೊತೆಗಿರಲಿ. ಮುಂದಿನ ಮಾರ್ಚ್‌ಗೆ ಮತ್ತೆ ಅವರ ಬಾಗಿಲಿಗೇ ಹೋಗಬೇಕಲ್ಲ.